ಹಿಂದಿನ ಎಡ ಬಾಗಿಲು

ಪೇಂಟ್ ಮೇಸ್ತ್ರಿಯ ಶೆಡ್ಡಿಗೆ ಬಂದವರು ಮೊದಲು ಕಲಿಯುತ್ತಿದ್ದ ಪಾಠ ಒಂದೇ: ಬಣ್ಣದ ಬಗ್ಗೆ ಬಾಯಿ ಬಿಡಬಾರದು. ಕಾರು ತಂದು ನಿಲ್ಲಿಸಿ, ಎಲ್ಲಿ ಗೀರಿದೆ ಎಂದು ತೋರಿಸಿ, ಸುಮ್ಮನೆ ಹೋಗಬೇಕು. ಒಮ್ಮೆ ಒಬ್ಬ ವಕೀಲ ತನ್ನ ಬೂದು ಕಾರಿನ ಬಾನೆಟ್ಟನ್ನು ಹಿಂದೆ ಸರಿದು, ಮುಂದೆ ಬಂದು ನೋಡಿ, “ಒಂದು ಚೂರು ಡಾರ್ಕ್ ಆಯ್ತೇನೋ ಅಲ್ವಾ?” ಎಂದುಬಿಟ್ಟ. ಮೇಸ್ತ್ರಿ ಕೈಯಲ್ಲಿದ್ದ ತಿನ್ನರ್ ಡಬ್ಬ ನೆಲಕ್ಕೆ ಕುಕ್ಕಿ, “ಸ್ವಾಮಿ, ಕೋರ್ಟಲ್ಲಿ ಜಡ್ಜು ತೀರ್ಪು ಓದ್ತಿರುವಾಗ ನೀವು ಎದ್ದು ನಿಂತು ಒಂದು ಚೂರು ಜಾಸ್ತಿ ಆಯ್ತೇನೋ ಅಂತೀರಾ? ಇಲ್ಲಿ ನಾನೇ ಜಡ್ಜು. ಗಾಡಿ ತಗೊಂಡು ಹೊರಡಿ” ಎಂದಿದ್ದ. ವಕೀಲ ಹೊರಟ. ಮುಂದಿನ ಸಲವೂ ಅಲ್ಲಿಗೇ ಬಂದ. ಬಿಸಿಲಿಗೆ ನಿಲ್ಲಿಸಿ ನೋಡಿದಾಗ ಹಳೆಯ ಬಣ್ಣ ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಅವನ ಅಪ್ಪನಾಣೆಗೂ ಗೊತ್ತಾಗಿರಲಿಲ್ಲ.

ಈಗೆಲ್ಲ ಬಣ್ಣದ ಅಂಗಡಿಯಲ್ಲಿ ಕಂಪ್ಯೂಟರ್ ಇದೆ. ಕಾರಿನ ಮೇಲೆ ಅಂಟಿಸಿದ ಬಣ್ಣದ ನಂಬರ್ ಹೇಳಿದರೆ ಯಂತ್ರವೇ ಹನಿಹನಿಯಾಗಿ ಕೂಡಿಸಿ ಕೊಡುತ್ತದೆ. ಮೇಸ್ತ್ರಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. “ಆ ನಂಬರು ಗಾಡಿ ಹುಟ್ಟಿದ ದಿನದ್ದು. ಆಮೇಲೆ ಎಂಟು ವರ್ಷ ಅದು ಬಿಸಿಲು ಕುಡಿದಿದೆ, ಧೂಳು ಕುಡಿದಿದೆ. ಯಂತ್ರಕ್ಕೇನು ಗೊತ್ತು ಅದರ ಕಷ್ಟ?” ಎನ್ನುವನು. ತಗಡಿನ ಮಗ್ಗಿನಲ್ಲಿ ಬಣ್ಣ ಸುರಿದು, ಕಡ್ಡಿಯಲ್ಲಿ ತಿರುವಿ, ಹೆಬ್ಬೆರಳಿನ ಉಗುರಿಗೆ ಒಂದು ಹನಿ ಹಚ್ಚಿಕೊಂಡು, ಆ ಉಗುರನ್ನು ಕಾರಿನ ಮೈಗೆ ತಾಗಿಸಿ ನೋಡುವನು. ಇನ್ನೊಂದು ತೊಟ್ಟು ಕಪ್ಪು. ಮತ್ತೆ ಉಗುರು. ಇಪ್ಪತ್ತಾರು ವರ್ಷ ಅವನ ಮನೆಯ ಒಲೆ ಉರಿದದ್ದು ಆ ಉಗುರಿನಿಂದ, ಆ ಎರಡು ಕಣ್ಣಿನಿಂದ.

ಶೆಡ್ಡಿನ ಇನ್ನರ್ಧದಲ್ಲಿ ಕೆಲಸ ಮಾಡುತ್ತಿದ್ದವನು ನೆಗ್ಗಿದ ತಗಡು ಎಬ್ಬಿಸುವ ಟಿಂಕರ್. ಅವನಿಗೆ ಸುತ್ತಿಗೆ ಎಂದೇ ಹೆಸರು ಬಿದ್ದಿತ್ತು. ದಿನವಿಡೀ ಸದ್ದು ಮಾಡುವುದು ಕೈ ಮಾತ್ರ, ಬಾಯಿಯಿಂದ ಹೊತ್ತಿಗೊಂದು ಮಾತು ಬಂದರೆ ಹೆಚ್ಚು. ಮೇಸ್ತ್ರಿಯ ಸಿಟ್ಟನ್ನು ಇಪ್ಪತ್ತು ವರ್ಷ ತಡೆದುಕೊಂಡ ಮನುಷ್ಯ ಹೆಂಡತಿಯನ್ನು ಬಿಟ್ಟರೆ ಇವನೊಬ್ಬನೇ.

ಒಂದು ದಿನ ಶೆಡ್ಡಿಗೆ ಲಾರಿಯ ಬೆನ್ನ ಮೇಲೆ ಒಂದು ದೊಡ್ಡ ಕಾರು ಬಂತು. ಯಾವುದೋ ಕಂಪನಿಯ ಯಜಮಾನರು ಹಿಂದಿನ ಸೀಟಿನಲ್ಲಿ ಕೂತು ಪೇಪರ್ ಓದುತ್ತಾ ಓಡಾಡುವಂಥ ಉದ್ದನೆಯ ಕಾರು. ಕಡುನೀಲಿ, ನೆರಳಿನಲ್ಲಿ ಕಪ್ಪು, ಬಿಸಿಲಿಗೆ ಬಂದರೆ ಒಳಗಿನಿಂದ ದೀಪ ಹಚ್ಚಿದ ಹಾಗೆ. ಮುಂಭಾಗ ನಜ್ಜುಗುಜ್ಜಾಗಿತ್ತು. ಇನ್ಶೂರೆನ್ಸಿನವರು ಇದು ರಿಪೇರಿಗೆ ತಕ್ಕದ್ದಲ್ಲ ಎಂದು ಬರೆದರು, ಯಜಮಾನರು ತಿರುಗಿ ನೋಡಲಿಲ್ಲ, ಗುಜರಿಯವನು ಒಯ್ಯಲು ಬಂದ. ಮೇಸ್ತ್ರಿ ಅಡ್ಡ ನಿಂತ. “ಇದು ನನ್ನದು” ಎಂದು ಗುಜರಿಯ ಬೆಲೆ ಕೊಟ್ಟು ತಾನೇ ಕೊಂಡ. ಅಷ್ಟು ದಿನ ಅವನು ಇನ್ನೊಬ್ಬರ ಕಾರುಗಳಿಗೆ ಮೈ ಕೊಟ್ಟು, ತಾನು ಸ್ಕೂಟರಿನಲ್ಲಿ ಮನೆಗೆ ಹೋಗುತ್ತಿದ್ದವನು. ಎರಡು ವರ್ಷದ ಭಾನುವಾರಗಳೆಲ್ಲ ಆ ಕಾರಿಗೇ ಹೋದವು. ಸುತ್ತಿಗೆ ಎಲುಬು ನೆಟ್ಟಗೆ ಮಾಡಿದ, ಮೇಸ್ತ್ರಿ ಚರ್ಮ ಹೊದಿಸಿದ.

ಕಾರು ಸಿದ್ಧವಾದ ಮೊದಲ ದಿನ ಹೆಂಡತಿ ಒಳಗೆ ಕೂತು ಬಾಗಿಲು ಎಳೆದುಕೊಂಡಳು. ಧಪ್ ಎಂದು ಮೆತ್ತಗೆ ಮುಚ್ಚಿತು. ಹೊರಗಿನ ಬೀದಿ ಬಾಯಿ ಮುಚ್ಚಿಕೊಂಡಿತು.

“ಒಂದು ಸದ್ದೂ ಕೇಳಲ್ವಲ್ರೀ. ನಾವೇ ಸತ್ತೋಗಿದ್ದೀವೇನೋ ಅನ್ಸುತ್ತೆ.”

“ಥೂ, ಶುಭ ನುಡಿಯೇ! ಇದಕ್ಕೆ ಐಷಾರಾಮ ಅಂತಾರೆ.”

“ಇರಬಹುದಪ್ಪ. ನಂಗೆ ಕಾಲು ಎಲ್ಲಿಡೋದು ಅಂತಲೇ ಗೊತ್ತಾಗ್ತಿಲ್ಲ.”

ಮೇಸ್ತ್ರಿ ಸ್ಟಿಯರಿಂಗ್ ಹಿಡಿದಾಗ ಅವನ ಉಗುರಿನ ಸಂದಿಯಲ್ಲಿ ಹಳೆ ಬಣ್ಣ, ಸ್ಟಿಯರಿಂಗಿಗೆ ಹೊಲಿದ ನುಣುಪು ಚರ್ಮ. ಆದರೂ ಅವನು ಆ ಕಾರಿನಲ್ಲಿ ಬೇರೆ ಮನುಷ್ಯ. ಹಾರನ್ ಹೊಡೆಯುತ್ತಿರಲಿಲ್ಲ. ಅಡ್ಡ ಬಂದವರನ್ನು ಬೈಯುತ್ತಿರಲಿಲ್ಲ. ದೊಡ್ಡ ಅಂಗಡಿಗಳ ಮುಂದೆ ಕಾವಲುಗಾರರು ಸಲಾಮು ಹೊಡೆದರೆ ತಲೆ ಬಗ್ಗಿಸುತ್ತಿದ್ದ. ಅವನ ಸಿಟ್ಟು ಆ ಬಾಗಿಲಿನ ಹೊರಗೇ ನಿಂತುಬಿಡುತ್ತದೆ ಎಂದು ಹೆಂಡತಿಗೆ ಅನಿಸಿತ್ತು. ಅದಕ್ಕೇ ಅವಳಿಗೂ ಆ ಕಾರು ಮೆಲ್ಲಗೆ ಇಷ್ಟವಾಯಿತು.

ಒಂದೂವರೆ ವರ್ಷ ಹೀಗೆ ನಡೆಯಿತು. ಆಮೇಲೆ ಒಂದು ಭಾನುವಾರ, ಹೆಂಡತಿ ತಂಗಿಯ ಮನೆಗೆ ಹೋಗಿದ್ದಾಗ, ಮೇಸ್ತ್ರಿ ಶೆಡ್ಡಿನ ಗೇಟಿನೊಳಗೆ ಕಾರು ತಿರುಗಿಸಿದ. ಕರ್ರ್ ಎಂದಿತು. ಹಿಂದಿನ ಎಡ ಬಾಗಿಲು ಉದ್ದಕ್ಕೂ ಕಲ್ಲುಕಂಬಕ್ಕೆ ಉಜ್ಜಿಕೊಂಡಿತ್ತು. ಇಪ್ಪತ್ತು ವರ್ಷ ಕತ್ತಲೆಯಲ್ಲೂ ದಾಟಿದ ಗೇಟು ಅದು. ಮೇಸ್ತ್ರಿ ಇಳಿದು, ಕಂಬಕ್ಕೆ ನಾಲ್ಕು ಬೈದು, ಕಾಲಿನಿಂದ ಒದ್ದು, ಸುತ್ತಿಗೆಯನ್ನು ಮನೆಯಿಂದ ಕರೆಸಿದ.

“ಹೆಂಗಾಯ್ತು?” ಎಂದ ಸುತ್ತಿಗೆ.

“ಕಂಬ ವಾಲಿದೆ. ನೋಡು.”

ಸುತ್ತಿಗೆ ಕಂಬ ನೋಡಿದ. ಅದು ಎಂದಿನಂತೆ ನೆಟ್ಟಗಿತ್ತು. ಬಾಗಿಲು ಎಬ್ಬಿಸಿಕೊಟ್ಟು ಹೊರಟ. ಮೇಸ್ತ್ರಿ ಗೀರಿದ ಜಾಗಕ್ಕೆ ಪುಟ್ಟಿಯ ಲೇಪ ತುಂಬಿ, ಉಜ್ಜಿ, ಮಗ್ಗಿನಲ್ಲಿ ನೀಲಿ ಕೂಡಿಸಿದ. ಉಗುರಿಗೆ ಹಚ್ಚಿ ನೋಡಿದ. ಒಂದಕ್ಕೊಂದು ಕೂಡಿತ್ತು. ಹೊಡೆದ. ಒಣಗಿದ ಮೇಲೆ ಬಿಸಿಲಿಗೆ ತಂದು ನಿಲ್ಲಿಸಿ ಮತ್ತೆ ನೋಡಿದ. ಎಲ್ಲಿ ಗೀರಿತ್ತು ಎಂದು ತನಗೇ ಗೊತ್ತಾಗುತ್ತಿಲ್ಲ ಎಂದು ಹಿಗ್ಗಿದ.

ಆದರೆ ಆ ಬಾಗಿಲು ನೀಲಿಯಾಗಿರಲಿಲ್ಲ. ಪಾಚಿ ಹತ್ತಿದ ತೊಟ್ಟಿಯ ನೀರಿನ ಬಣ್ಣಕ್ಕೆ ತಿರುಗಿತ್ತು. ಬೀದಿಯ ಆ ತುದಿಯಿಂದಲೇ ಕಣ್ಣಿಗೆ ಹೊಡೆಯುವಂತಿತ್ತು.

ಮಾರನೆಯ ದಿನ ಇಸ್ತ್ರಿಯವನು ನೋಡಿದ. ಔಷಧಿ ಅಂಗಡಿಯವನು ಹೊರಗೆ ಬಂದು ನೋಡಿದ. “ಏನಪ್ಪಾ ಇದು, ಕೋಟಿಗೆ ಬೇರೆ ಬಟ್ಟೆ ತೇಪೆ ಹಾಕ್ದಂಗೆ” ಎಂದು ಒಬ್ಬ ನಕ್ಕರೆ, “ಸುಮ್ನಿರು ಮಾರಾಯ, ಕೇಳಿದ್ರೆ ಅದೇ ಬಣ್ಣನ ನಿನ್ನ ಮುಖಕ್ಕೆ ಹೊಡೀತಾನೆ” ಎಂದು ಇನ್ನೊಬ್ಬ ಒಳಗೆ ಹೋದ. ಹೆಂಡತಿ ಬಣ್ಣದ ಇನ್ನೊಂದು ಕೋಟು ಬಾಕಿ ಇರಬಹುದು ಎಂದುಕೊಂಡಳು. ಒಂದು ವಾರ ಕಾದಳು, ಎರಡು ವಾರ ಕಾದಳು. ಆಮೇಲೆ ಹೇಳುವ ಹೊತ್ತು ಮೀರಿಹೋಗಿತ್ತು. ಹೀಗೆ ನಾಲ್ಕು ತಿಂಗಳು. ಆ ಬಣ್ಣ ಯಾಕೆ ಕೆಟ್ಟಿತು, ಆ ಕಂಬ ಯಾಕೆ ಕಾಣಿಸಲಿಲ್ಲ ಎಂದು ಅವನನ್ನು ಕೇಳಬೇಕಾದವರೆಲ್ಲ ಅವನ ಬಾಯಿಗೆ ಹೆದರಿ ಸುಮ್ಮನಿದ್ದರು. ಅವನು ದಿನವೂ ಕಾರು ತೆಗೆದುಕೊಂಡು ಜನ ತುಂಬಿದ ರಸ್ತೆಗೆ ಇಳಿಯುತ್ತಿದ್ದ.

ಕೊನೆಗೆ ಹೇಳಿದವನು ಅವನ ಸಿಟ್ಟು ಗೊತ್ತಿಲ್ಲದವನು. ಪೆಟ್ರೋಲ್ ಬಂಕಿನಲ್ಲಿ ಹಿಂದೆ ನಿಂತ ವ್ಯಾನಿನ ಡ್ರೈವರ್ ಇಳಿದು ಬಂದು ಕಾರನ್ನು ಮೆಚ್ಚುಗೆಯಿಂದ ಸುತ್ತು ಹಾಕಿದ.

“ರಾಜನಂಥ ಗಾಡಿ ಸಾರ್. ಆ ಹಿಂದಿನ ಬಾಗಿಲು ಗುಜರಿಯಿಂದ ತಂದು ಹಾಕಿಸಿದ್ರಾ? ಹಸಿರು ಗಾಡೀದು ಇರ್ಬೇಕು.”

“ಯಾವ ಬಾಗಿಲು? ಏನು ಹಸಿರು? ಕಣ್ಣು ನೆಟ್ಟಗಿದೆಯೇನಯ್ಯಾ ನಿಂಗೆ?”

“ಬಯ್ಯೋದ್ಯಾಕೆ ಸಾರ್? ಕೇಳಿದೆ ಅಷ್ಟೆ. ಬೇಕಾದ್ರೆ ಇವನ್ನೇ ಕೇಳಿ.”

ಪೆಟ್ರೋಲ್ ಹಾಕುತ್ತಿದ್ದವನು ಬಾಗಿಲನ್ನು ನೋಡಿ, ಮೇಸ್ತ್ರಿಯ ಮುಖ ನೋಡಿ, ಮೀಟರಿನ ಕಡೆ ತಿರುಗಿಕೊಂಡ. ಮೇಸ್ತ್ರಿಗೆ ನಾಟಿದ್ದು ವ್ಯಾನಿನವನ ಮಾತಲ್ಲ, ಈ ತಿರುಗಿಕೊಂಡದ್ದು.

ಮನೆಗೆ ಬಂದವನೇ ಹೆಂಡತಿಯ ಕೈ ಹಿಡಿದು ಹೊರಗೆ ಎಳೆದು ತಂದ. “ಹೇಳು. ಈ ಬಾಗಿಲು ಯಾವ ಬಣ್ಣ?”

ಅವಳು ಸೆರಗು ಬೆರಳಿಗೆ ಸುತ್ತಿಕೊಂಡಳು.

“ಹೇಳೇ!”

“ಹಸಿರು ತಿರುಗಿದೆ ರೀ.”

“ಎಷ್ಟು?”

“ತುಂಬಾ. ಬಾಗಿಲೊಂದೇ ಅಲ್ಲ. ಊಟಕ್ಕೆ ಕೂತಾಗ ಎಡಗಡೆ ಇಟ್ಟ ನೀರಿನ ಲೋಟನ ದಿನಾ ಉರುಳಿಸ್ತಿದ್ರಿ. ಬಲಕ್ಕೆ ಇಡೋಕೆ ಶುರು ಮಾಡಿ ಎರಡು ತಿಂಗಳಾಯ್ತು. ನೀವು ಅದನ್ನೂ ಗಮನಿಸ್ಲಿಲ್ಲ.”

ಮೇಸ್ತ್ರಿ ಶೆಡ್ಡಿಗೆ ನಡೆದೇ ಹೋದ. ಸುತ್ತಿಗೆ ಒಂದು ಮಡ್‌ಗಾರ್ಡ್ ಬಡಿಯುತ್ತಿದ್ದ.

“ನಿಲ್ಸು ಅದನ್ನ. ನೀನು ಯಾಕೆ ಹೇಳ್ಲಿಲ್ಲ?”

ಯಾವುದನ್ನು ಎಂದು ಸುತ್ತಿಗೆ ಕೇಳಲಿಲ್ಲ. “ಹೇಳಿದ್ರೆ ನೀನು ಕೇಳ್ತಿದ್ಯಾ?”

“ನಾನು ಹೊಡೆದ ಬೇರೆ ಗಾಡಿಗಳು? ಮೊನ್ನೆ ಆ ಡಾಕ್ಟರಮ್ಮಂದು? ಅದು ಸರಿಯಾಗಿ ಕೂಡಿತ್ತಲ್ಲ! ಅವರೇ ಹೊಗಳಿದ್ರು!”

ಸುತ್ತಿಗೆ ಕೈಯಲ್ಲಿದ್ದ ಹತಾರವನ್ನು ಕೆಳಗಿಟ್ಟ. “ನೀನು ಊಟಕ್ಕೆ ಹೋದಾಗ ನಿನ್ನ ಮಗ್ಗಿನ ಬಣ್ಣ ಚೆಲ್ಲಿ, ಅಂಗಡಿಯಿಂದ ಮಿಷನ್ನಿಂದು ತಂದು ತುಂಬ್ತಿದ್ದೆ. ಐದು ತಿಂಗಳಿಂದ.”

ಮೇಸ್ತ್ರಿ ಕೈಗೆ ಸಿಕ್ಕ ಮಗ್ಗನ್ನು ಎತ್ತಿದ. ಸುತ್ತಿಗೆ ತಪ್ಪಿಸಿಕೊಳ್ಳಲು ಹೋಗಲಿಲ್ಲ, ತಲೆಯನ್ನೂ ಬಗ್ಗಿಸಲಿಲ್ಲ. ಮಗ್ಗು ಎತ್ತಿದಲ್ಲೇ ನಿಂತಿತು. ಅದರೊಳಗಿನ ಬಿಳಿ ಪ್ರೈಮರ್ ಮೇಸ್ತ್ರಿಯ ಮೊಣಕೈಯಿಂದ ಇಳಿದು ಅಂಗಿಯೊಳಗೆ ಹೋಯಿತು. ಹೊಗಳಿಸಿಕೊಂಡ ಐದು ತಿಂಗಳು ಅವನ ಕಣ್ಣ ಮುಂದೆ ಬಂದವು. ಯಾರಾದರೂ ಕಪಾಳಕ್ಕೆ ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಮರುದಿನ ಹೆಂಡತಿಯ ಜೊತೆ ಹೋದಾಗ ಕಣ್ಣಿನ ಡಾಕ್ಟರು ಅವನನ್ನು ಒಂದು ಬಿಳಿ ಬೋಗುಣಿಯಂಥ ಯಂತ್ರದ ಮುಂದೆ ಕೂರಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತು ಎಂದರು. ಚುಕ್ಕೆ ಬರುವುದಕ್ಕೇ ಬಹಳ ಹೊತ್ತು ಹಿಡಿಯುತ್ತದಲ್ಲ ಎಂದು ಮೇಸ್ತ್ರಿ ಕಾಯುತ್ತಾ ಕೂತ. ಪರೀಕ್ಷೆ ಮುಗಿದ ಮೇಲೆ ಡಾಕ್ಟರು ಅಚ್ಚಾದ ಹಾಳೆ ತೋರಿಸಿದರು. ಎಡಭಾಗವೆಲ್ಲ ಕಪ್ಪು.

“ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಒಣಗಿದೆ. ಬಣ್ಣ ಕಾಣೋದೂ ಅದರ ಜೊತೆಗೇ ಹೋಗುತ್ತೆ. ಹೋದದ್ದು ವಾಪಸ್ ಬರಲ್ಲ. ಉಳಿದಿರೋದನ್ನ ಉಳಿಸ್ಕೊಳ್ಳೋಕೆ ಹನಿ ಕೊಡ್ತೀನಿ. ಇವತ್ತಿಂದ ಗಾಡಿ ಓಡಿಸ್ಬೇಡಿ.”

“ನೀವು ನನಗೆ ಕಾಣ್ತಿದ್ದೀರಲ್ಲ ಸಾರ್, ಚೆನ್ನಾಗಿ?”

“ಎದುರಿಗಿದ್ದೀನಿ, ಅದಕ್ಕೆ.”

ಹೊರಗೆ ಕಾರು ನಿಂತಿತ್ತು. ಬರುವಾಗ ಅವನೇ ಓಡಿಸಿಕೊಂಡು ಬಂದಿದ್ದ. ಆಟೋ ಕರೆಯೋಣ ಎಂದು ಹೆಂಡತಿ ಬೀದಿ ಕಡೆ ತಿರುಗಿದಳು.

“ಮನೆತನಕ ಕಣೇ. ಇದೊಂದೇ ಸಲ. ನೀನು ಪಕ್ಕದಲ್ಲಿ ಕೂತು ಎಡಗಡೆ ನೋಡ್ತಾ ಬಾ.”

ಅವಳು ಬೇಡ ಎನ್ನಬೇಕಿತ್ತು. ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ಅವನು ಅವಳನ್ನು ಬೇಡಿಕೊಳ್ಳುವ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಕೂತಳು.

ಮೂರು ತಿರುವು ಸರಿಯಾಗಿಯೇ ಆಯಿತು. ನಾಲ್ಕನೆಯದರಲ್ಲಿ ಅವಳ ಕಣ್ಣಿಗೆ ನೀರು ತುಂಬಿಕೊಂಡಿತ್ತು, ಒರೆಸಿಕೊಂಡಳು, ಅಷ್ಟೆ. ಧಡ್ ಎಂದಿತು. ಆ ಮೆತ್ತನೆಯ ಕಾರಿನೊಳಗೆ ಆ ಸದ್ದೂ ಮೆತ್ತಗೆ ಕೇಳಿಸಿತು. ಸೈಕಲ್ಲಿನಲ್ಲಿ ಬ್ರೆಡ್ಡು ಮಾರುವ ನಡುವಯಸ್ಸಿನವನೊಬ್ಬ ರಸ್ತೆಯ ಮೇಲೆ ಬಿದ್ದಿದ್ದ. ಬ್ರೆಡ್ಡಿನ ಕಟ್ಟುಗಳು ಚೆಲ್ಲಾಪಿಲ್ಲಿ. ಅವನ ಬಲಗೈ ಮೊಣಕೈ ಕೆಳಗೆ ಬಾಗಬಾರದ ಕಡೆಗೆ ಬಾಗಿತ್ತು.

ಜನ ಮುತ್ತಿದರು. “ದೊಡ್ಡ ಗಾಡಿ ಇದ್ರೆ ರಸ್ತೆ ನಿಮ್ಮಪ್ಪಂದಾ?” “ಇಳಿಸ್ರೋ ಅವನನ್ನ!”

ಮೇಸ್ತ್ರಿ ತಾನೇ ಇಳಿದ. “ತಪ್ಪು ನನ್ನದು. ಇವರು ನನಗೆ ಕಾಣಿಸ್ಲಿಲ್ಲ.”

“ಎಲ್ಲರೂ ಅದನ್ನೇ ಹೇಳೋದು!” ಎಂದು ಒಬ್ಬ ಅವನ ಕೊರಳಪಟ್ಟಿ ಹಿಡಿದ. ಮೇಸ್ತ್ರಿ ಬಿಡಿಸಿಕೊಳ್ಳಲಿಲ್ಲ. ಗುಂಪಿನಲ್ಲಿದ್ದ ಯಾರೋ ಸ್ಟಿಯರಿಂಗ್ ಹಿಡಿದು ಎಲ್ಲರನ್ನೂ ಆಸ್ಪತ್ರೆಗೆ ಕರೆದೊಯ್ದರು. ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಮೇಸ್ತ್ರಿ ಕೂತದ್ದು ಅಂದೇ ಮೊದಲು. ಪಕ್ಕದಲ್ಲಿ ಬ್ರೆಡ್ಡಿನವನು ಮುರಿದ ಕೈ ಹಿಡಿದುಕೊಂಡು, “ಸೀಟಿಗೆ ರಕ್ತ ಆಗುತ್ತೆ ಸಾರ್, ಏನಾದ್ರೂ ಹಾಸಿ” ಎನ್ನುತ್ತಿದ್ದ. ಆ ಮಾತಿಗೆ ಮೇಸ್ತ್ರಿ ಬಿಕ್ಕಿಬಿಕ್ಕಿ ಅತ್ತ.

ಕೈಗೆ ರಾಡು ಹಾಕಿದರು. ಅದು ಮೊದಲಿನ ಹಾಗೆ ಮಡಚುವುದಿಲ್ಲ ಎಂದರು. ಮೇಸ್ತ್ರಿ ಎರಡು ಸಲ ನೋಡಿಕೊಂಡು ಬರಲು ಅವನ ಮನೆಗೆ ಹೋದ. ಎರಡನೆಯ ಸಲ ಬ್ರೆಡ್ಡಿನವನ ಹೆಂಡತಿ ಬಾಗಿಲು ತೆಗೆಯಲಿಲ್ಲ.

ಶೆಡ್ಡಿನಲ್ಲಿ ಈಗ ಯಂತ್ರದ ಬಣ್ಣವೇ ಬರುತ್ತದೆ, ಹೊಡೆಯಲು ಬೇರೆ ಪೇಂಟರ್ ಬರುತ್ತಾನೆ. ಮೇಸ್ತ್ರಿ ಕೆಳಗೆ ಕೂತು ನೀರು ಹಾಕಿ ಪುಟ್ಟಿ ಉಜ್ಜುತ್ತಾನೆ. ಆ ಕೆಲಸಕ್ಕೆ ಅಂಗೈ ಸಾಕು. ಗಿರಾಕಿಗಳು ಬಣ್ಣದ ಬಗ್ಗೆ ಬಾಯಿಗೆ ಬಂದದ್ದು ಮಾತಾಡುತ್ತಾರೆ. ಅವನು ತಲೆ ಎತ್ತುವುದಿಲ್ಲ.

ಕಾರು ಮಾರುವ ಮಾತು ಬಂದಾಗ, “ಬಾಗಿಲಿಗೆ ಮಿಷನ್ ಬಣ್ಣ ಹೊಡೆಸಿಬಿಡೋಣ” ಎಂದ ಸುತ್ತಿಗೆ.

“ಬೇಡ. ಕೂಡ್ತು ಅಂತ ನೀವೆಲ್ಲ ಹೇಳ್ತೀರ. ನಾನು ನಂಬಬೇಕಲ್ಲ.”

ಬಾಗಿಲು ಹಾಗೆಯೇ ಉಳಿಯಿತು.

ಕೊಳ್ಳಲು ಬಂದವನು ಮದುವೆ ಮುಂತಾದವಕ್ಕೆ ಕಾರು ಬಾಡಿಗೆಗೆ ಬಿಡುವವನು. ಎಂಜಿನ್ ಸದ್ದು ಕೇಳಿದ, ಸೀಟು ಸವರಿದ, ಡಿಕ್ಕಿ ತೆಗೆದು ಮುಚ್ಚಿದ. ಹಿಂದಿನ ಎಡ ಬಾಗಿಲ ಹತ್ತಿರ ಬಂದು ನಿಂತ.

“ಇದೇನು ಹೀಗೆ? ಯಾವ ಬೇಕೂಫ ಹೊಡೆದಿದ್ದು ಇದನ್ನ?”

ಶೆಡ್ಡಿನ ಬಾಗಿಲಲ್ಲಿದ್ದ ಹೆಂಡತಿ ಒಂದು ಹೆಜ್ಜೆ ಮುಂದೆ ಬಂದಳು.

“ನಾನೇ” ಎಂದ ಮೇಸ್ತ್ರಿ.

“ಓ... ಬೇಜಾರು ಮಾಡ್ಕೋಬೇಡಿ. ಹೇಗೂ ನಾನು ಗಾಡಿ ಪೂರ್ತಿ ಬಿಳಿ ಮಾಡಿಸ್ತೀನಿ. ಮದುವೆಯವರು ಬಿಳೀನೇ ಕೇಳೋದು.”

ಆ ನೀಲಿಯೂ ಹೋಗುತ್ತದೆ. ಎರಡು ವರ್ಷದ ಭಾನುವಾರಗಳು, ಒಂದರ ಮೇಲೊಂದು ಹೊಡೆದ ಕೋಟುಗಳು. ಮೇಸ್ತ್ರಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟ.

“ಮಾಡಿಸಿ” ಎಂದ. “ಆದರೆ ಮೇಲೆ ಮೇಲೇ ಹೊಡೆಸ್ಬೇಡಿ. ಮೊದಲು ಈ ನೀಲೀನ ಚೆನ್ನಾಗಿ ಉಜ್ಜಿ ತೆಗೆಸಿ. ಇಲ್ದಿದ್ರೆ ಬಿಳಿ ಹಿಡಿಯಲ್ಲ, ಆರು ತಿಂಗಳಿಗೆ ಏಳುತ್ತೆ.”