ಮಗ್ಗುಲು ಮೇಡಂ

ನರ್ಸುಗಳಿಗೆ ವರ್ಷಕ್ಕೊಮ್ಮೆ ತರಬೇತಿ ಕೊಡುವ ಅವರಿಗೆ ಆಸ್ಪತ್ರೆಯೆಲ್ಲ ಸೇರಿ ಇಟ್ಟ ಹೆಸರು ಮಗ್ಗುಲು ಮೇಡಂ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂಬ ಒಂದೇ ಪಾಠವನ್ನು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಾರೆ. ನರ್ಸುಗಳನ್ನೇ ಮಂಚದ ಮೇಲೆ ಅಲ್ಲಾಡದಂತೆ ಮಲಗಿಸಿ, ಹತ್ತು ನಿಮಿಷಕ್ಕೆ ಯಾರಾದರೂ ಮಿಸುಕಿದರೆ, "ಇಷ್ಟಕ್ಕೇ ಹೀಗಂದ್ರೆ, ಅಲ್ಲಾಡೋಕೇ ಆಗದೋರ ಗತಿ ಏನಮ್ಮ?" ಎನ್ನುತ್ತಾರೆ. ಬಸ್ಸಿನಲ್ಲಿ ನಿದ್ದೆ ಹೋದ ಪಕ್ಕದವರ ತಲೆಯನ್ನು ಮೆಲ್ಲಗೆ ಇನ್ನೊಂದು ಕಡೆಗೆ ವಾಲಿಸುತ್ತಾರಂತೆ. ಅವರ ಅಡುಗೆಮನೆಯ ಕುಂಬಳಕಾಯಿಗೂ ದಿನಕ್ಕೆ ಆರು ಸಲ ಮಗ್ಗುಲು ಬದಲಿಸುವ ಭಾಗ್ಯವಂತೆ. ಬೇರೆ ಆಸ್ಪತ್ರೆಯಿಂದ ಹೊಸದಾಗಿ ಬಂದ ನರ್ಸಿಗೆ ಕುತೂಹಲ ಹುಟ್ಟಿಸಿದ್ದು ಇದ್ಯಾವುದೂ ಅಲ್ಲ, ಪಾಠದ ಕೊನೆಗೆ ಅವರು ತೋರಿಸಿದ, ಯಾರೋ ರೋಗಿಯ ಒಂದು ಹಳೆಯ ಚಾರ್ಟು. ಆ ರೋಗಿಯ ಬೆನ್ನಿನಲ್ಲಿ ಅಂಗೈಯಗಲ ಹುಣ್ಣಾಗಿತ್ತಂತೆ. ಚಾರ್ಟಿನಲ್ಲಿ ನೋಡಿದರೆ ಎರಡೆರಡು ಗಂಟೆಗೆ ಹೊರಳಿಸಿದ್ದಕ್ಕೆ ಸಹಿ, ಒಂದು ಖಾನೆಯೂ ಖಾಲಿಯಿಲ್ಲ. "ಹೊರಳಿಸದೇನೇ ಸಹಿ ಹಾಕಿದೋರು ಯಾರು ಮೇಡಂ?" ಎಂದು ಅವಳು ಕೇಳಿಯೇಬಿಟ್ಟಳು. "ಕೈತುಂಬಾ ಕೆಲಸ ಇತ್ತು ಅಂದ್ಕೊಂಡಿದ್ದ ಒಬ್ಬಳು," ಎಂದಷ್ಟೇ ಹೇಳಿ ಮೇಡಂ ಚಾರ್ಟನ್ನು ಜೋಪಾನವಾಗಿ ಮಡಿಚಿಟ್ಟರು. ಆಮೇಲೆ ಸರ್ಟಿಫಿಕೇಟ್ ಹಂಚುತ್ತ, ಎಲ್ಲರಿಗೂ ಹೇಳುವ ಮಾತನ್ನೇ ಅವಳಿಗೂ ಹೇಳಿದರು: "ಸಹಿ ಸರಿಯಾಗಿ ನೋಡ್ಕೊಳ್ಳಮ್ಮ." ಅವಳು ನೋಡಿದಳು. ಮೇಡಂ ಸಹಿಯ ಕೊನೆಯ ಅಕ್ಷರದ ಬಾಲ, ಆ ಚಾರ್ಟಿನ ಪ್ರತಿ ಖಾನೆಯಲ್ಲೂ ಇದ್ದಂತೆಯೇ, ಮೇಲಕ್ಕೆ ಸುತ್ತಿಕೊಂಡಿತ್ತು.