ಅವ್ವ ಮುಚ್ಚಗೊಡದ ಬಾಗಿಲು

1985ರ ಮಾಗಿ ಕಳೆದು ಬಿಸಿಲು ಏರತೊಡಗಿದ್ದ ದಿನಗಳು. ಶಿರಾದಲ್ಲಿ ನಮ್ಮ ಬೀದಿಗೆ ಆಗಷ್ಟೇ ಒಂದು ಟಿ.ವಿ. ಬಂದಿತ್ತು. ಸಂಜೆಯಾದರೆ ಬೀದಿಯವರೆಲ್ಲ ಅದನ್ನು ನೋಡಲು ಓಡುತ್ತಿದ್ದರು. ನಾನು ಮಾತ್ರ ನಮ್ಮವ್ವನ ಹಿಂದೆ ಓಡುತ್ತಿದ್ದೆ.

ಅವ್ವ ಬಾಳಿ ಬದುಕಿದ್ದು ಗೌಡಗೆರೆ ಕಡೆಯ ಒಂದು ಹಟ್ಟಿಯಲ್ಲಿ. ಕುರಿಯೇ ನಮ್ಮ ಜೀವನ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ದೂರದ ಸೀಮೆಗೆ ಹೋಗುತ್ತಿದ್ದ. ಹಾಗಾಗಿ ಅವ್ವನನ್ನು ನಾನೇ ಕರೆದುಕೊಂಡು ಬಂದಿದ್ದೆ. ನನ್ನ ಯಜಮಾನರಿಗೆ ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ಕೆಲಸ, ನನಗೆ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುತ್ತ ರವಿಕೆ ಹೊಲಿಯುವ ಕೆಲಸ. ಅವ್ವ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದಾಗ ಮೊದಮೊದಲು ನಕ್ಕೆವು. ಆಮೇಲೆ ನನ್ನನ್ನೇ ತನ್ನ ತಂಗಿ ಎಂದುಕೊಂಡು ಮಾತಾಡಿಸತೊಡಗಿದಳು. ಆಗ ನಗು ನಿಂತಿತು. ಈಗ ಡಾಕ್ಟರುಗಳು ಅದಕ್ಕೆ ಏನೇನೋ ಹೆಸರು ಹೇಳುತ್ತಾರೆ. ನಮಗೆ ಆಗ ಗೊತ್ತಿದ್ದದ್ದು ಅರಳುಮರಳು ಅಂತ ಅಷ್ಟೇ.

ಹಗಲು ಹೇಗೋ ಕಳೆಯುತ್ತಿತ್ತು. ಹೊತ್ತು ಇಳಿಯಿತೆಂದರೆ ಅವ್ವ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಬೀದಿಯ ಆ ಕೊನೆ ಈ ಕೊನೆ ನೋಡುತ್ತ "ಒಂದು ಬಂದಿಲ್ಲ ಕಣೇ, ಒಂದು ಬಂದಿಲ್ಲ" ಎನ್ನುತ್ತಿದ್ದಳು. ಬಾಗಿಲು ಮುಚ್ಚಲು ಬಿಡಳು, ಉಣ್ಣಲು ಬಾರಳು.

ಇದಕ್ಕೆ ಕಾರಣ ನನಗೆ ಗೊತ್ತಿತ್ತು. ನಮ್ಮ ಹಟ್ಟಿಯಲ್ಲಿ ಸಂಜೆ ಕುರಿಗಳು ರೊಪ್ಪಕ್ಕೆ ಬರುವಾಗ ಮುಳ್ಳುಬೇಲಿಯ ಬಾಯಲ್ಲಿ ಮನೆಯ ಹೆಂಗಸು ನಿಲ್ಲಬೇಕು. ಒಂದೊಂದರ ಬೆನ್ನು ಮುಟ್ಟಿ ಒಳಗೆ ಬಿಡಬೇಕು. ಒಂದು ಎರಡು ಅಂತ ಬಾಯಿಬಿಟ್ಟು ಎಣಿಸುವಂತಿಲ್ಲ, ಎಣಿಸಿದರೆ ಮಂದೆ ಕರಗುತ್ತದೆ ಎಂಬ ನಂಬಿಕೆ. ಎಲ್ಲವೂ ಮುಖ ಗುರುತಿನ ಮೇಲೆ. ಯಾವುದಾದರೂ ಬಾರದಿದ್ದರೆ ಬೇಲಿ ಮುಚ್ಚುವಂತಿಲ್ಲ, ಮನೆಯಲ್ಲಿ ಯಾರೂ ಮುದ್ದೆ ಮುರಿಯುವಂತಿಲ್ಲ. ನನ್ನ ಮನೆಯ ಬಾಗಿಲಲ್ಲಿ ಇಲ್ಲದ ಕುರಿಗಳು ಬರಲಿ ಎಂದು ಕಾಯುವವಳಿಗೆ ನಾನು ಏನು ಹೇಳಲಿ? "ಬರ್ತದೆ ಬಾರವ್ವ, ಉಣ್ಣು" ಅಂತ ದಿನಾ ಹೇಳಿ ಹೇಳಿ ನನ್ನ ಬಾಯಿ ಒಣಗುತ್ತಿತ್ತು.

ಒಂದು ಸಂಜೆ ನಾನು ಮಿಷನ್ ತುಳಿಯುತ್ತಿದ್ದಾಗ ಅವ್ವ ಸದ್ದಿಲ್ಲದೆ ಹೊರಟು ಹೆದ್ದಾರಿಗೆ ಹೋಗಿಬಿಟ್ಟಿದ್ದಳು. ಪಕ್ಕದ ಮನೆ ಬೀಬಮ್ಮ ನೋಡಿ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಲಾರಿ ಕೂದಲೆಳೆಯಲ್ಲಿ ತಪ್ಪಿತ್ತು. ಅಂದಿನಿಂದ ನನ್ನ ನಿದ್ದೆಯೂ ಹೋಯಿತು, ಕೆಲಸವೂ ಕೆಟ್ಟಿತು. ಕತ್ತರಿ ಹಿಡಿದರೆ ಕಣ್ಣು ಬಾಗಿಲ ಕಡೆಗೆ.

ಆಗ ಯಜಮಾನರು ಮಿಲ್ಲಿನಲ್ಲಿ ಯಾರೋ ಹೇಳಿದ್ದ ಸುದ್ದಿ ತಂದರು. ಮಧುಗಿರಿಯ ಹೊರಗೆ ಪಾವಗಡದ ರಸ್ತೆಯಲ್ಲಿ, ಹಳೆಯ ಛತ್ರವೊಂದರಲ್ಲಿ ಇಂಥ ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುತ್ತಾರಂತೆ.

"ನಿಮ್ಮವ್ವನ್ನ ಬುಟ್ಟುಬುಡು ಅಂತ ನಾನು ಹೇಳಲ್ಲ. ಹೋಗಿ ನೋಡು. ಚೆನ್ನಾಗಿದ್ರೆ ಅಲ್ಲೇ ಇರ್ಲಿ, ಇಲ್ದಿದ್ರೆ ಕರ್ಕೊಂಡು ಬಾ" ಎಂದರು.

ಹೊರಡುವಾಗ ಬೀಬಮ್ಮ ಬೇರೆ ಪಾಠ ಹೇಳಿದಳು. "ನೋಡು ರಂಗಮ್ಮ, ಅವ್ರ ಬಾತು ನಂಬ್ಬೇಡ. ಬಾವರ್ಚಿಖಾನ ನೋಡು, ಪಾಯಖಾನ ನೋಡು. ಎಲ್ಡೂ ಸಾಫ್ ಇದ್ರೆ ಜನಾನೂ ಸಾಫು." ಅವರ ಮಾತು ನಂಬದೆ ಅಡುಗೆಮನೆ, ಕಕ್ಕಸು ನೋಡಬೇಕಂತೆ.

ನಾನು ಅವ್ವನ ಎರಡು ಸೀರೆ, ಒಂದು ಕಂಬಳಿ ಗಂಟು ಕಟ್ಟಿಕೊಂಡು ಅವಳನ್ನು ಬಸ್ಸು ಹತ್ತಿಸಿದೆ. ಕಿಟಕಿಯ ಪಕ್ಕ ಕೂತು ಅವ್ವ ದಾರಿಯುದ್ದಕ್ಕೂ ಖುಷಿಯಾಗಿದ್ದಳು. ನಾನು ಮಡಿಲಿನ ಗಂಟನ್ನು ಬಿಚ್ಚುತ್ತ ಕಟ್ಟುತ್ತ ಕೂತಿದ್ದೆ.

ಛತ್ರದ ಮೇಲ್ವಿಚಾರಕರು ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮರ್ಯಾದಸ್ಥ ಮನುಷ್ಯ. "ಬನ್ನಿ ತಾಯಿ, ಎಲ್ಲಾ ನೋಡ್ಕೊಳ್ಳಿ, ಸಂಕೋಚ ಬೇಡ" ಎಂದರು. ನನಗೂ ಸಂಕೋಚ ಇರಲಿಲ್ಲ. ಬಾಣಂತಿ ಮನೆಗೆ ಬಂದ ಅತ್ತೆಯ ಹಾಗೆ ಮೂಲೆ ಮೂಲೆ ನೋಡಿದೆ. ನೀರಿನ ಹಂಡೆಯ ಮುಚ್ಚಳ ಎತ್ತಿದೆ. ಹಾಸಿಗೆ ಮೂಸಿದೆ. ಸೌಟಿನಲ್ಲಿ ಸಾರು ತೆಗೆದು ಅಂಗೈಗೆ ಹಾಕಿಕೊಂಡು ನೆಕ್ಕಿದೆ. ಕಕ್ಕಸಿನಲ್ಲಿ ಫಿನಾಯಿಲ್ ವಾಸನೆ ಬರುತ್ತಿತ್ತು. ಅಲ್ಲಿದ್ದ ಅಜ್ಜ ಅಜ್ಜಿಯರ ಉಗುರು ಕೂಡ ನೋಡಿದೆ, ಕತ್ತರಿಸಿದ್ದರು. ತಪ್ಪು ಹುಡುಕಲು ಹೋಗಿ ತಪ್ಪು ಸಿಗದಿದ್ದರೆ ಸಿಟ್ಟು ಬರುವುದು ನನ್ನ ಹುಟ್ಟುಗುಣ. ಅವತ್ತು ತುಂಬಾ ಸಿಟ್ಟು ಬಂತು.

ನಾನು ಒಳಗೆ ಹೊರಗೆ ತಿರುಗುತ್ತಿದ್ದರೆ ಅವ್ವ ಅಂಗಳದ ಬೇವಿನ ಮರದಡಿ ಒಬ್ಬ ಅಜ್ಜಿಯ ಪಕ್ಕ ಹಾಯಾಗಿ ಕೂತಿದ್ದಳು. ಪಾವಗಡದ ಕಡೆಯ ಅಜ್ಜಿ. ಒಂದು ಕಾಲದಲ್ಲಿ ಭಾರದ ಓಲೆ ಹಾಕಿದ್ದಿರಬೇಕು, ಎರಡು ಕಿವಿಯೂ ಹರಿದು ಜೋತಾಡುತ್ತಿದ್ದವು. ಆಕೆ ತೆಲುಗಿನಲ್ಲಿ "ಮಾ ಊರಿಕಿ ಪೋವಾಲಮ್ಮಾ" ಎನ್ನುತ್ತಿದ್ದಳು. ತನ್ನೂರಿಗೆ ಹೋಗಬೇಕಂತೆ. ಅವ್ವ ಅದಕ್ಕೆ "ಉಣ್ಣೆ ಕತ್ತರಿಸಿದ್ದು ಆಯ್ತಾ ನಿಮ್ದು?" ಎಂದು ಕೇಳುತ್ತಿದ್ದಳು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆದರೂ ಮಧ್ಯಾಹ್ನವೆಲ್ಲ ಮಾತು ಸಾಗಿತ್ತು. ಅವ್ವನಿಗೆ ಜೊತೆ ಸಿಕ್ಕಿತಲ್ಲ ಎಂದು ನನ್ನ ಮನಸ್ಸು ಸ್ವಲ್ಪ ತಣ್ಣಗಾಯಿತು. ಬಿಟ್ಟು ಹೋಗುವುದೆಂದು ತೀರ್ಮಾನ ಮಾಡಿಬಿಟ್ಟೆ.

ಮೇಲ್ವಿಚಾರಕರು ಒಂದು ಕಿವಿಮಾತು ಹೇಳಿದರು. "ಸಂಜೆ ಊಟಕ್ಕೆ ಕೂತಾಗ ಸದ್ದಿಲ್ದೆ ಹೊರಟುಬಿಡಿ. ಹೇಳಿದ್ರೆ ಅಳ್ತಾರೆ. ಬೆಳಗಾದ್ರೆ ಮರೆತಿರ್ತಾರೆ."

ಆ ಕೊನೆಯ ಮಾತು ನನ್ನ ಎದೆಗೆ ಮುಳ್ಳಿನ ಹಾಗೆ ಚುಚ್ಚಿತು. ಆದರೂ ತಲೆಯಾಡಿಸಿದೆ.

ಹೊತ್ತು ಇಳಿಯಿತು. ಆಯಾ ಗಂಗಮ್ಮ ಗಂಟೆ ಬಾರಿಸಿ ಅಂಗಳದಲ್ಲಿದ್ದವರನ್ನು ಒಳಗೆ ಕರೆದಳು. ಅವ್ವ ದಡಕ್ಕನೆ ಎದ್ದಳು. ಎಲ್ಲರಿಗಿಂತ ಮುಂದೆ ಹೋಗಿ ಬಾಗಿಲಲ್ಲಿ ನಿಂತು ಒಂದು ಕೈ ಚೌಕಟ್ಟಿಗೆ ಊರಿದಳು. ಬಂದವರ ಬೆನ್ನು ಒಂದೊಂದಾಗಿ ಮುಟ್ಟಿ ಒಳಗೆ ಬಿಡತೊಡಗಿದಳು. ನನಗೆ ನಾಚಿಕೆಯಾಗಿ ಓಡಿ ಹೋದೆ. ಅಷ್ಟರಲ್ಲಿ ಗಂಗಮ್ಮ ಒಳಗೆ ಹೋದ ಒಬ್ಬ ಅಜ್ಜನನ್ನು ತೋರಿಸಿ ನಗುತ್ತ, "ಬುಡಕ್ಕ, ಆ ಅಜ್ಜನ್ನ ಒಳೀಕೆ ಕರ್ಕೊಂಡು ಬರಕ್ಕೆ ದಿನಾ ನನ್ ಜೀವ ಹೋಯ್ತದೆ. ಇವತ್ತು ನೋಡು, ಹೆಂಗೆ ಬಂದ!" ಎಂದಳು. ನಿಜವಾಗಿಯೂ ಎಲ್ಲರೂ ತಳ್ಳಾಟವಿಲ್ಲದೆ ಒಳಗೆ ಹೋದರು.

"ನೋಡಿದ್ರಾ, ಆಗ್ಲೇ ಒಗ್ಗಿಕೊಂಡ್ರು" ಎಂದರು ಮೇಲ್ವಿಚಾರಕರು.

ಗಂಗಮ್ಮ ಬಾಗಿಲು ಎಳೆಯಲು ಹೋದಳು. ಅವ್ವ ಕೈ ತೆಗೆಯಲಿಲ್ಲ.

"ಒಂದು ಬಂದಿಲ್ಲ" ಎಂದಳು.

ಇದು ದಿನದ ರಾಗ ಎಂದುಕೊಂಡು ನಾನೂ ದಿನದ ರಾಗವನ್ನೇ ಹಾಡಿದೆ. "ಬರ್ತದೆ ಬಾರವ್ವ, ಉಣ್ಣು."

"ಲೇ, ಕಿವಿ ಹರಿದದ್ದು ಬಂದಿಲ್ಲ ಕಣೇ!"

ಯಾವ ಕಾಲದ ಯಾವ ಕುರಿಯೋ ಎಂದುಕೊಂಡೆ. ಮೇಲ್ವಿಚಾರಕರು ಗಡಿಯಾರ ನೋಡಿ "ನಿಮ್ಮ ಬಸ್ಸಿಗೆ ಹೊತ್ತಾಯ್ತು, ಹೊರಡಿ, ನಾವು ನೋಡ್ಕೋತೀವಿ" ಎಂದರು. ಊಟಕ್ಕೆ ಕೂರುವ ತನಕ ಕಾಯುವ ಧೈರ್ಯವೂ ನನಗೆ ಉಳಿದಿರಲಿಲ್ಲ. ಅವ್ವನ ಬೆನ್ನ ಹಿಂದಿನಿಂದ ಸುತ್ತಿ ಗೇಟು ದಾಟಿ ರಸ್ತೆಗೆ ಬಂದೆ. ಅಲ್ಲಿಗೂ ಅವ್ವನ ದನಿ ಕೇಳಿಸುತ್ತಿತ್ತು. ಹಟ್ಟಿಯಲ್ಲಿ ಕುರಿ ಕರೆಯುತ್ತಿದ್ದ ಅದೇ ಕೂಗು, ಬಿಟ್ಟು ಬಿಟ್ಟು.

ನಿಂತಲ್ಲಿ ನಿಲ್ಲಲಾಗಲಿಲ್ಲ. ರಸ್ತೆಯಲ್ಲಿ ಅತ್ತ ಇತ್ತ ಓಡಾಡಿದೆ. ಒಮ್ಮೆ ಬಸ್ಸು ಬೇಗ ಬರಲಿ ಎನಿಸಿತು, ಒಮ್ಮೆ ಬಾರದೇ ಹೋಗಲಿ ಎನಿಸಿತು. ದೂರದಲ್ಲಿ ದೀಪ ಕಂಡಿತು. ತಲೆಯ ಮೇಲಿನ ಸೆರಗನ್ನು ಸರಿಪಡಿಸಲು ಕೈ ಎತ್ತಿದೆ, ಬೆರಳು ನನ್ನ ಓಲೆಗೆ ತಾಗಿತು.

ಬೇವಿನ ಮರದಡಿಯ ಆ ಅಜ್ಜಿಯ ಹರಿದ ಕಿವಿ ಕಣ್ಣ ಮುಂದೆ ಬಂತು. ಅವ್ವ ಬೆನ್ನು ಮುಟ್ಟಿ ಒಳಗೆ ಬಿಟ್ಟವರೆಲ್ಲರ ಮುಖವನ್ನು ನಾನೂ ನೋಡಿದ್ದೆ. ಅವರಲ್ಲಿ ಆ ಅಜ್ಜಿ ಇರಲಿಲ್ಲ.

ಬಸ್ಸು ನಿಂತಿತೋ ಹೋಯಿತೋ ನೋಡಲಿಲ್ಲ. ಸೀರೆ ಎತ್ತಿ ಕಟ್ಟಿ ಛತ್ರಕ್ಕೆ ಓಡಿದೆ. "ಆ ತೆಲುಗು ಅಜ್ಜಿ ಎಲ್ಲಿ ಸ್ವಾಮಿ?" ಎಂದೆ.

ಮೇಲ್ವಿಚಾರಕರು ಕುರ್ಚಿಯಿಂದ ಏಳಲಿಲ್ಲ. "ಒಳಗಿದ್ದಾರಮ್ಮ. ಎಲ್ಲರೂ ಒಳಗಿದ್ದಾರೆ. ನೀವ್ಯಾಕೆ ವಾಪಸ್ ಬಂದ್ರಿ?"

ಆದರೆ ಗಂಗಮ್ಮ ಊಟದ ಸಾಲಿನಿಂದ ತಲೆ ಎತ್ತಿದಳು. "ಅಜ್ಜಿ ತಟ್ಟೇಲಿ ಮುದ್ದೆ ಅಂಗೇ ಐತೆ. ಕಕ್ಕಸಿಗೆ ಹೋಗಿರ್ಬೇಕು ಅಂದ್ಕೊಂಡೆ ಕಣಕ್ಕ" ಎಂದವಳೇ ಲಾಟೀನು ಹಿಡಿದು ಎದ್ದಳು. ಕಕ್ಕಸಿನಲ್ಲಿ ಇಲ್ಲ, ಬಚ್ಚಲಲ್ಲಿ ಇಲ್ಲ. ಅಡುಗೆಮನೆಯ ಹಿಂದೆ ನೀರು ತರುವ ಸಣ್ಣ ಬಾಗಿಲು ತೆರೆದೇ ಇತ್ತು. ನಾವಿಬ್ಬರೂ ಕೂಗುತ್ತ ಪಾವಗಡದ ದಿಕ್ಕಿಗೆ ಹೊಲದ ಬದುವಿನ ಮೇಲೆ ಓಡಿದೆವು. ಕತ್ತಲು ಕವಿಯುತ್ತಿತ್ತು. ಒಣಗಿದ ಕಾಲುವೆಯೊಳಗಿಂದ ನರಳುವ ಸದ್ದು ಬಂತು. ಅಜ್ಜಿ ಕಾಲು ಉಳುಕಿ ಬಿದ್ದಿದ್ದಳು, ಎದೆಗೆ ಒಂದು ಬಟ್ಟೆಗಂಟು ಅವುಚಿಕೊಂಡಿದ್ದಳು. ನಮ್ಮನ್ನು ನೋಡಿ "ಮಾ ಊರು ಇಂಕಾ ಎಂತ ದೂರಂ?" ಎಂದು ಕೇಳಿದಳು. ಇನ್ನೆಷ್ಟು ದೂರ ಅಂತ ಆ ಕತ್ತಲಲ್ಲಿ ಯಾರು ಹೇಳಬೇಕು! ಗಂಗಮ್ಮ ಅಳುತ್ತಲೇ ಆಕೆಯನ್ನು ಬೆನ್ನ ಮೇಲೆ ಹೊತ್ತಳು.

ಅವ್ವ ಬಾಗಿಲಲ್ಲೇ ಇದ್ದಳು. ಗಂಗಮ್ಮನ ಬೆನ್ನ ಮೇಲಿದ್ದ ಅಜ್ಜಿಯನ್ನು ಮುಟ್ಟಿ ಒಳಗೆ ಬಿಟ್ಟಳು. ಆಮೇಲೆ ತಾನೇ ಬಾಗಿಲು ಎಳೆದು ಅಗುಳಿ ಹಾಕಿದಳು. "ಈಗ ಉಣ್ಣಾನ ಬಾ" ಎಂದು ನನ್ನ ಕೈ ಹಿಡಿದಳು. ಎಷ್ಟೋ ತಿಂಗಳ ನಂತರ ಅವ್ವ ಸಂಜೆ ಹೊತ್ತು ಒಂದು ಇಡೀ ಮುದ್ದೆ ಉಂಡಳು. ನಾನು ಅವಳ ಪಕ್ಕದಲ್ಲಿ ಕೂತು ಸಾರಿನ ಜೊತೆ ಕಣ್ಣೀರನ್ನೂ ಕಲಸಿಕೊಂಡು ಉಂಡೆ.

ಮೇಲ್ವಿಚಾರಕರು ಬಂದು ಮೆಲ್ಲಗೆ ಹೇಳಿದರು. "ಇಂಥದ್ದು ಎಲ್ಲಾ ಕಡೆ ಆಗ್ತದೆ ತಾಯಿ. ಹೊರಗೆ ಹೇಳೋಕೆ ಹೋಗ್ಬೇಡಿ."

ಎಲ್ಲಾ ಕಡೆ ಆಗುತ್ತದೆ ಎಂಬುದು ನಿಜ. ನನ್ನ ಮನೆಯಿಂದಲೇ ಅವ್ವ ಲಾರಿಯ ಬಾಯಿಗೆ ಹೋಗಿ ಬಂದಿದ್ದಳು. ಆದರೆ ಆ ಮನುಷ್ಯ ಅಜ್ಜಿಯ ಕಾಲು ಹೇಗಿದೆ ಎಂದು ಒಂದು ಮಾತು ಕೇಳಲಿಲ್ಲ. ನಾನು ಹಂಡೆ, ಹಾಸಿಗೆ, ಕಕ್ಕಸು ನೋಡಿ ನೋಡಿ ಸುಸ್ತಾಗಿದ್ದೆ. ನೋಡಬೇಕಾದ್ದು ಆ ಮನುಷ್ಯನನ್ನು.

ರಾತ್ರಿ ಅಲ್ಲೇ ಇದ್ದು ಬೆಳಿಗ್ಗೆ ಅವ್ವನ ಗಂಟು ಎತ್ತಿಕೊಂಡೆ. ಗಂಗಮ್ಮ ಗೇಟಿನವರೆಗೂ ಬಂದು, "ಬುಟ್ಟೋಗಕ್ಕ ಇವರ್ನ. ನಿಮಗಿಂತ ನಮಗೇ ಬೇಕು ಇವರು" ಎಂದಳು. ನಗುತ್ತಾಳೋ ಅಳುತ್ತಾಳೋ ಗೊತ್ತಾಗಲಿಲ್ಲ.

ಮನೆಗೆ ಬಂದಾಗ ಯಜಮಾನರು ಕೇಳಿದರು. "ಹೆಂಗಿತ್ತು?"

"ಎಲ್ಲಾ ಸಾಫಾಗಿತ್ತು."

"ಮತ್ತೆ ಯಾಕೆ ಕರ್ಕೊಂಡು ಬಂದೆ?"

"ಬಾಗಿಲಲ್ಲಿ ನಿಲ್ಲೋರು ಇರ್ಲಿಲ್ಲ" ಎಂದೆ.

ಅಂದಿನಿಂದ ಸಂಜೆ ಅವ್ವ ಬಾಗಿಲಿಗೆ ಬಂದರೆ ನಾನು, ಮಕ್ಕಳು ಎಲ್ಲ ಹೊರಗೆ ಹೋಗಿ ಸಾಲಾಗಿ ಒಳಗೆ ಬರುತ್ತಿದ್ದೆವು. ಅವ್ವ ಒಬ್ಬೊಬ್ಬರ ಬೆನ್ನು ಮುಟ್ಟುತ್ತಿದ್ದಳು. ಮಿಲ್ಲಿನಿಂದ ಯಜಮಾನರು ಬರುವುದು ತಡವಾದರೆ ಬಾಗಿಲು ಮುಚ್ಚುತ್ತಿರಲಿಲ್ಲ, ಉಣ್ಣುತ್ತಲೂ ಇರಲಿಲ್ಲ. ಸ್ನೇಹಿತರ ಜೊತೆ ಅಂಗಡಿ ಮುಂದೆ ಹರಟುತ್ತ ನಿಲ್ಲುತ್ತಿದ್ದ ಮನುಷ್ಯ ಹೊತ್ತಿಗೆ ಸರಿಯಾಗಿ ಬರುವುದನ್ನು ಕಲಿತರು. ನಾನು ಇಷ್ಟು ವರ್ಷ ಬಾಯಿ ಬಡಿದುಕೊಂಡರೂ ಆಗದ ಕೆಲಸ ಅದು. ಕೆಲವು ದಿನ ಬೀಬಮ್ಮನೂ ಬಂದು ಬೆನ್ನು ಮುಟ್ಟಿಸಿಕೊಂಡು ಹಿತ್ತಲ ಬಾಗಿಲಿನಿಂದ ತನ್ನ ಮನೆಗೆ ಹೋಗುತ್ತಿದ್ದಳು.

ವಯಸ್ಸಾದವರನ್ನು ಬಿಡಲು ಜಾಗ ನೋಡುತ್ತಿರುವವರು ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟೇ. ಬೆಳಿಗ್ಗೆ ಹೋಗಬೇಡಿ, ಸಂಜೆ ಹೋಗಿ. ಒಬ್ಬರು ಬಂದಿಲ್ಲ ಎಂದರೆ ಯಾರು ಕುರ್ಚಿ ಬಿಟ್ಟು ಏಳುತ್ತಾರೆ ನೋಡಿ.

ಎರಡು ವರ್ಷದ ಮೇಲೆ ಅವ್ವ ನಮ್ಮ ಮನೆಯಲ್ಲೇ ತೀರಿಕೊಂಡಳು. ಮಣ್ಣು ಮಾಡಿ ಬಂದ ಸಂಜೆ ಬಾಗಿಲು ಹಾಕಲು ಹೋದೆ. ಯಜಮಾನರು ಒಳಗಿದ್ದರು, ಮಕ್ಕಳು ಒಳಗಿದ್ದರು, ದೂರದ ಸೀಮೆಯಿಂದ ಓಡಿ ಬಂದಿದ್ದ ಅಣ್ಣನೂ ಇದ್ದ. ಆದರೂ ಚೌಕಟ್ಟಿನ ಮೇಲಿನ ಕೈ ತೆಗೆಯಲಾಗಲಿಲ್ಲ.

"ಎಲ್ಲಾ ಬಂದ್ರಲ್ಲಮ್ಮ, ಬಾಗಿಲು ಹಾಕು" ಎಂದಳು ಮಗಳು.

"ಒಂದು ಬಂದಿಲ್ಲ ಕಣೇ" ಎಂದೆ.