ಹೊಳೆಯಬಾರದಿದ್ದ ಉಕ್ಕು

ನಾನು ನಿಂತಿದ್ದದ್ದು ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ, ತೂಕದ ಯಂತ್ರದ ಎಡಕ್ಕೆ, ಪಾಲಿಶ್ ಮೇಸ್ತ್ರಿಯಿಂದ ನಾಲ್ಕು ಹೆಜ್ಜೆ ದೂರ. ತೊಂಬತ್ತರ ದಶಕದ ಕೊನೆಯ ಒಂದು ಸೋಮವಾರ. ಬೆಳಗಿನ ಚಹಾ ಬಂದು ಹೋಗಿತ್ತು. ಇಷ್ಟು ವರ್ಷಗಳ ಮೇಲೆ, ಮೊನ್ನೆ ಭದ್ರಾವತಿಯ ಗುಜರಿ ಅಂಗಡಿಯಲ್ಲಿ ಗಾಲ್ಫ್ ಕೋಲಿನ ಉಕ್ಕಿನ ತಲೆಯೊಂದು ಕೈಗೆ ಸಿಕ್ಕಿತು. ಧೂಳು ಒರೆಸಿದೆ. ತುಕ್ಕು ಹಿಡಿದಿರಲಿಲ್ಲ... ನನ್ನ ಮುಖ ಕಂಡಿತು.

ನಮ್ಮಲ್ಲಿ ಯಾರೂ ಗಾಲ್ಫ್ ಆಟ ನೋಡಿದವರಲ್ಲ. ವಿದೇಶಿ ಕಂಪನಿಯೊಂದಕ್ಕೆ ಕೋಲಿನ ತಲೆಗಳನ್ನು ಎರಕ ಹೊಯ್ದು ಕೊಡುತ್ತಿದ್ದೆವು. ಅಚ್ಚು ಒಂದೇ, ಕೆತ್ತುವ ಹೆಸರೂ ಒಂದೇ. ಆದರೆ ಒಂದು ದೇಶಕ್ಕೆ ಹೋಗುವ ಮಾಲು ಕನ್ನಡಿಯಂತೆ ಹೊಳೆಯಬೇಕು, ಇನ್ನೊಂದು ದೇಶದ್ದು ಮಂಕಾಗಿರಬೇಕು. ಇಂಗ್ಲಿಷಿನ ಆರ್ಡರ್ ಓದಿ ಮೇಸ್ತ್ರಿಗೆ ತಿಳಿಸುವುದು ನನ್ನ ಕೆಲಸ.

"ಆ ದೇಶದೋರು ಏನ್ ಪಾಪ ಮಾಡಿದಾರೆ ಮಾರಾಯ? ಅವರಿಗ್ಯಾಕೆ ಮಂಕು?" ಎಂದು ಆ ಸೋಮವಾರದ ಹಿಂದಿನ ಶನಿವಾರ ಮೇಸ್ತ್ರಿ ಕೇಳಿದರು.

ಕಾರಣ ಎರಡನೇ ಹಾಳೆಯಲ್ಲಿತ್ತು. ನಾನು ತಿರುವಿ ನೋಡಲಿಲ್ಲ. "ಬಡವರಿರ್ಬೇಕು ಬಿಡಿ ಮೇಸ್ತ್ರಿ. ಅಗ್ಗದ ಮಾಲು," ಎಂದು ನಕ್ಕೆ.

ಪೆಟ್ಟಿಗೆ ಕಟ್ಟುತ್ತಿದ್ದ ಅಕ್ಕ ತಲೆ ಎತ್ತಿದರು. "ಹಂಗೆಲ್ಲ ಹೇಳ್ಬೇಡ್ರೀ, ಇವ್ರು ನಿಜ ಅಂದ್ಕೊಂಡ್ಬಿಡ್ತಾರೆ."

ಮೇಸ್ತ್ರಿ ನಿಜವೆಂದೇ ತಿಳಿದರು. ಬಡವರಾದರೇನು, ಅವರಿಗೂ ಹೊಳೆಯುವುದೇ ಸಿಗಲಿ ಎಂದುಕೊಂಡರು. ಭಾನುವಾರ ರಜೆಯಲ್ಲಿ ಒಬ್ಬರೇ ಬಂದು, ಮಂಕಾಗಿರಬೇಕಿದ್ದ ಅಷ್ಟೂ ತಲೆಗಳನ್ನು ಪಾಲಿಶ್ ಚಕ್ರಕ್ಕೆ ಹಿಡಿದು ಹೊಳೆಯುವಂತೆ ಮಾಡಿಟ್ಟರು.

ಆ ಸೋಮವಾರ ಕಂಪನಿಯ ಕಡೆಯವರು ತಪಾಸಣೆಗೆ ಬಂದರು. ಒಂದನ್ನೆತ್ತಿ ಕಿಟಕಿಯ ಬಿಸಿಲಿಗೆ ಹಿಡಿದಾಗ ಬೆಳಕು ಎದುರಿನ ಗೋಡೆಗೆ ಚಿಮ್ಮಿತು. ಆ ದೇಶದಲ್ಲಿ ಬಿಸಿಲು ಜೋರು, ಆಡುವವರ ಕಣ್ಣಿಗೆ ಕುಕ್ಕುತ್ತದೆ, ಹೊಳೆಯುವುದನ್ನು ಅಲ್ಲಿ ಯಾರೂ ಕೊಳ್ಳುವುದಿಲ್ಲ ಎಂದರು. ಆಮೇಲೆ ತೂಗಿದರು. ತಿಕ್ಕಿ ತಿಕ್ಕಿ ತೂಕವೂ ಇಳಿದಿತ್ತು. ಮತ್ತೆ ಮಂಕು ಮಾಡಿದರೂ ಪ್ರಯೋಜನವಿರಲಿಲ್ಲ. ಎಲ್ಲವೂ ಗುಜರಿಗೆ.

"ಯಾರ್ ಹೇಳಿದ್ರು ನಿಮಗೆ ಹಿಂಗೆ ಮಾಡೋಕೆ?" ಎಂದರು ಮಾಲೀಕರು.

ಮೇಸ್ತ್ರಿ ನನ್ನ ಕಡೆ ನೋಡಿದರು. "ಯಾರೂ ಇಲ್ಲ ಸಾರ್. ಅರ್ಧ ಕೆಲಸ ಮಾಡಿ ಕಳಿಸೋಕೆ ನಂಗೇ ಮನಸ್ಸು ಬರ್ಲಿಲ್ಲ."

ನಾನು ತೂಕದ ಯಂತ್ರದ ಮುಳ್ಳನ್ನೇ ನೋಡುತ್ತ ನಿಂತೆ.

ಮಧ್ಯಾಹ್ನದೊಳಗೆ ಅವರನ್ನು ಕೆಲಸದಿಂದ ತೆಗೆದರು. ಊಟದ ಡಬ್ಬಿಯನ್ನು ತೆರೆಯದೆಯೇ ಸೈಕಲ್ಲಿಗೆ ಸಿಕ್ಕಿಸಿ ಭದ್ರಾವತಿಯ ರಸ್ತೆ ಹಿಡಿದರು. ಮತ್ತೆ ಯಾರೂ ಅವರ ಕೈಗೆ ಚಕ್ರ ಕೊಡಲಿಲ್ಲವೆಂದು ಕೇಳಿದೆ. ಹೋಗಿ ನೋಡಲಿಲ್ಲ. ಈಗ ಅವರಿಲ್ಲ.

ಗುಜರಿಯಿಂದ ತಂದ ಆ ತಲೆ ನನ್ನ ಮೇಜಿನ ಮೇಲಿದೆ. ಮಾಲೀಕರೂ ತೀರಿಕೊಂಡರು. ನಾನು ನಕ್ಕು ಆಡಿದ ಮಾತನ್ನು ಕೇಳಿ, ಸೋಮವಾರ ನಾನು ಸುಮ್ಮನೆ ನಿಂತದ್ದನ್ನೂ ಕಂಡು, ಇನ್ನೂ ಬದುಕಿರುವವರು ಒಬ್ಬರೇ: ಪೆಟ್ಟಿಗೆ ಕಟ್ಟುತ್ತಿದ್ದ ಅಕ್ಕ. ಮಲವಗೊಪ್ಪದಲ್ಲಿದ್ದಾರೆ. ಎದುರು ಸಿಕ್ಕರೆ ಊಟ ಆಯ್ತಾ ಎನ್ನುತ್ತಾರೆ. ಅವತ್ತು ಯಾಕೆ ಸುಮ್ಮನೆ ನಿಂತಿರಿ ಎಂದು ಮಾತ್ರ ಇವತ್ತಿಗೂ ಕೇಳಿಲ್ಲ.